ತಕ್ಕಡಿ ಪರೀಕ್ಷಕರ ಆನಂದ ತಪಾಸಣೆ

ನಮ್ಮ ತೂಕ ಮತ್ತು ಅಳತೆ ಕಚೇರಿಯಲ್ಲಿ, ತಾನು ಸಂತೋಷವಾಗಿರಬಲ್ಲೆನೆಂದು ರುಜುವಾತು ಕೊಡದ ಯಾವ ನೌಕರನಿಗೂ ಅವಧಿಗೆ ಮುನ್ನ ನಿವೃತ್ತಿ ಮಂಜೂರಾಗುವುದಿಲ್ಲ. ಹೊರಗಿನವರು ಏನಾದರೂ ಆಡಿಕೊಳ್ಳಲಿ, ಅವರಿಗೇನು ಗೊತ್ತು? ಹಿಂದೆ ರವಾನೆ ಗುಮಾಸ್ತರೊಬ್ಬರು ಕೂಡಿಟ್ಟ ಹಣ ನಂಬಿಕೊಂಡು ನಲವತ್ತಾರಕ್ಕೇ ಬಿಡುಗಡೆ ಪಡೆದರು. ಹನ್ನೊಂದನೇ ದಿನ ಬೇಜಾರು ತಡೆಯಲಾರದೆ ವಾಪಸ್ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಲ್ಲಿ ಆಗಲೇ ಬೇರೊಬ್ಬರಿದ್ದರು. ಇಬ್ಬರೂ ಒಂದೇ ಕುರ್ಚಿಯಲ್ಲಿ ಎರಡು ವರ್ಷ ಕೆಲಸ ಮಾಡಿದರು.

ಆಮೇಲೆ ನಿಯಮ ಬಂತು. ಬಿಡುಗಡೆ ಕೇಳುವವರು ಒಂದು ಪ್ರವಾಸ ಮಾಡಿ ತೋರಿಸಬೇಕು. ಖರ್ಚು ಕಡಿಮೆ ಇರಬೇಕು, ಇಲ್ಲದಿದ್ದರೆ ಕೂಡಿಟ್ಟದ್ದು ಸಾಲದು ಎಂದರ್ಥ. ಆನಂದ ಪೂರ್ತಿ ಇರಬೇಕು, ಇಲ್ಲದಿದ್ದರೆ ಮತ್ತೆ ಬಂದು ವಕ್ಕರಿಸುತ್ತಾರೆ ಎಂದರ್ಥ. ಎರಡನ್ನೂ ಕಣ್ಣಾರೆ ಕಂಡು ವರದಿ ಮಾಡಲು ತಪಾಸಣಾಧಿಕಾರಿಯೊಬ್ಬರು ಜೊತೆಗೆ ಹೋಗತಕ್ಕದ್ದು, ಅವರ ವೆಚ್ಚ ಅರ್ಜಿದಾರರದೇ. ಆ ಅಧಿಕಾರಿ ನಾನು.

ಈ ಸಲ ಅರ್ಜಿ ಹಾಕಿದವರು ಅಂಗಡಿಗಳ ತಕ್ಕಡಿ ನೋಡುವ ನಮ್ಮ ಪರೀಕ್ಷಕರು. ಇಪ್ಪತ್ತೊಂದು ವರ್ಷದಿಂದ ಸಂಬಳದಲ್ಲಿ ಅರ್ಧ ಎತ್ತಿಟ್ಟ ಮನುಷ್ಯ. ಹಾಗಂತ ಜಿಪುಣ ಎನ್ನುವ ಹಾಗಿಲ್ಲ. ಭಾನುವಾರ ಗಂಡ ಹೆಂಡತಿ ಸಿಟಿ ಬಸ್ಸು ಹತ್ತಿ ಕೊನೇ ನಿಲ್ದಾಣಕ್ಕೆ ಹೋಗಿ, ಅಲ್ಲೇ ಬುತ್ತಿ ಬಿಚ್ಚಿ ತಿಂದು, ಅದೇ ಬಸ್ಸಿನಲ್ಲಿ ನಗುನಗುತ್ತಾ ಬರುತ್ತಿದ್ದರು. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಆಕೆಯ ಮಂಡಿ ಸವೆಯುತ್ತಿದೆ, ಸರಾಗವಾಗಿ ಓಡಾಡುವುದು ಇನ್ನು ನಾಲ್ಕೈದು ವರ್ಷ ಅಷ್ಟೇ ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟರೊಳಗೆ ಇಬ್ಬರೂ ಸೇರಿ ಅಗ್ಗದಲ್ಲಿ ಊರೂರು ಸುತ್ತಬೇಕು, ಮೊದಲು ಸಮುದ್ರ ನೋಡಬೇಕು. ಅರ್ಜಿಯ ಕಾರಣದ ಜಾಗದಲ್ಲಿ ಇಷ್ಟೇ ಬರೆದಿತ್ತು. ನಿಜ ಹೇಳುತ್ತೇನೆ, ಓದಿ ನನಗೆ ಹೊಟ್ಟೆ ಉರಿಯಿತು.

ಅವರು ರೈಲಿನ ಸಾಮಾನ್ಯ ಬೋಗಿಯಲ್ಲಿ ಬಂದರು. ನಾನು ನನ್ನ ದರ್ಜೆಗೆ ತಕ್ಕಂತೆ ಮೊದಲ ದರ್ಜೆಯಲ್ಲಿ ಬಂದೆ. ಅವರು ಎಂಟು ಮಂಚದ ಕೋಣೆಯಲ್ಲಿ ಎರಡು ಮಂಚ ಹಿಡಿದರು. ಆನಂದವನ್ನು ಎತ್ತರದಿಂದ ನೋಡಿದರೇನೇ ಪೂರ್ತಿ ಕಾಣುವುದು, ಆದ್ದರಿಂದ ನಾನು ದೊಡ್ಡ ಹೋಟೆಲಿನ ಆರನೇ ಮಹಡಿಯಲ್ಲಿ ಇಳಿದುಕೊಂಡೆ. ಅವರಿಬ್ಬರ ಒಟ್ಟು ಖರ್ಚು ನನ್ನ ಬಟ್ಟೆ ಇಸ್ತ್ರಿ ಮಾಡಿಸಿದ್ದಕ್ಕಿಂತ ಕಡಿಮೆಯಾಯಿತು. ಇದನ್ನು ವರದಿಯಲ್ಲಿ ಮೆಚ್ಚುಗೆಯಿಂದ ನಮೂದಿಸಿದ್ದೇನೆ. ನನ್ನ ಹೋಟೆಲಿನ ಬಿಲ್ಲು ಕೈಗಿತ್ತಾಗ ಅರ್ಜಿದಾರರ ಮುಖ ಬಿಳಿಚಿಕೊಂಡಿತು. ವಿಪರೀತ ಆನಂದದಿಂದ ಹೀಗಾಗುವುದುಂಟೇ ಎಂದು ನಿಯಮಾವಳಿ ತಿರುವಿ ನೋಡಿದೆ. ಹಾಗೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಮುದ್ರ. ಆಕೆ ಚಪ್ಪಲಿ ಬಿಟ್ಟು, ಆ ಮಂಡಿಯಲ್ಲೇ ಓಡಿದರು. ನೀರಿನಲ್ಲಿ ನಿಂತು ನಕ್ಕರು, ಅತ್ತರು, ಮತ್ತೆ ನಕ್ಕರು. ಪರೀಕ್ಷಕರು ಮಾತ್ರ ದಡದಲ್ಲಿ ನಮೂನೆ ಒಂಬತ್ತನ್ನು ಎದೆಗವಚಿಕೊಂಡು ನಿಂತಿದ್ದರು. ಅದು ಒದ್ದೆಯಾಗುವಂತಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ‘ಈಗ ಆನಂದವಾಗಿದೆ’ ಎಂಬ ಸಾಲಿನ ಮುಂದೆ ಸಹಿಯನ್ನೂ ಹಾಕಬೇಕು. ನಾನು ಕೊಡೆಯ ನೆರಳಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ.

“ರೀ, ಆ ಕಾಗದ ಅವರ ಕೈಗೆ ಕೊಟ್ಟು ಬನ್ರೀ. ನೀರು ಬೆಚ್ಚಗಿದೆ.”

“ಇನ್ನೆರಡು ಸಹಿ ಇದೆ ಕಣೇ, ಮುಗಿಸಿ ಬಂದೆ.”

ಎರಡನೇ ಸಹಿ ಬೀಳುವಷ್ಟರಲ್ಲಿ ತಪಾಸಣೆಯ ಅವಧಿ ಮುಗಿದು ನನ್ನ ರೈಲಿಗೆ ಹೊತ್ತಾಗಿತ್ತು.

ವರದಿ ಬರೆಯುವಾಗ ನಾನು ಯಾರ ಮುಲಾಜಿಗೂ ಒಳಗಾಗುವವನಲ್ಲ. ಅರ್ಜಿದಾರರು ನೀರಿಗಿಳಿದಿಲ್ಲ. ನಗು ಭಾಗಶಃ, ಚಿಂತೆ ಪೂರ್ಣ. ಅರ್ಜಿ ತಿರಸ್ಕೃತ. ಆದರೆ ಜೊತೆಯಲ್ಲಿದ್ದವರ ನಗು ಪೂರ್ಣ, ಚಿಂತೆ ಶೂನ್ಯ! ಕಚೇರಿಯ ಚರಿತ್ರೆಯಲ್ಲೇ ಇಂಥ ಫಲಿತಾಂಶ ಬಂದಿರಲಿಲ್ಲ. ಇದನ್ನು ಸುಮ್ಮನೆ ಕಡತದಲ್ಲಿ ಮುಚ್ಚಿಡುವುದು ಹೇಗೆ? ಕಾನೂನು ವಿಭಾಗ ಮೂರು ವಾರ ಕೂತು ಯೋಚಿಸಿತು. ಪರೀಕ್ಷಕರಿಗೆ ಜ್ವರ ಬಂದಾಗಲೆಲ್ಲ ಆಕೆಯೇ ಅವರ ದಾಖಲೆ ಪುಸ್ತಕ ಬರೆದುಕೊಟ್ಟದ್ದು ಅಕ್ಷರದಿಂದ ಪತ್ತೆಯಾಯಿತು. ಆದ್ದರಿಂದ ಆಕೆ ಇಪ್ಪತ್ತೊಂದು ವರ್ಷ ಸೇವೆಯಲ್ಲಿದ್ದರೆಂದು ಭಾವಿಸಿ, ಗೌರವಪೂರ್ವಕವಾಗಿ ನಿವೃತ್ತಿಗೊಳಿಸಲಾಯಿತು. ಬೀಳ್ಕೊಡುಗೆ ಸಭೆಯಲ್ಲಿ ನಾನೇ ಮಾತಾಡಿದೆ, ಚಪ್ಪಾಳೆಯೂ ಬಿತ್ತು.

ಪರೀಕ್ಷಕರಿಗೆ ಬೇರೆ ಆದೇಶ. ತಪಾಸಣೆಯ ವೆಚ್ಚದಿಂದ ಅವರ ಉಳಿತಾಯ ಕರಗಿದೆ, ಮನೆಯಲ್ಲಿ ಈಗ ಒಬ್ಬರು ನಿವೃತ್ತರೂ ಇದ್ದಾರೆ. ಹಾಗಾಗಿ ಅವರು ಇನ್ನೂ ಹದಿಮೂರು ವರ್ಷ ದುಡಿಯತಕ್ಕದ್ದು.

ಆದೇಶ ತಲುಪಿಸಲು ಮನೆಗೆ ನಾನೇ ಹೋಗಿದ್ದೆ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು ತಮ್ಮದು, ಗಂಡನದು ಎರಡೂ ಆದೇಶ ಓದಿದರು.

“ನೀವು ಬಿಡುಗಡೆ ಆಗೋವರೆಗೂ ಕಾಯ್ತೀನಿ,” ಎಂದರು.

“ನಾನು ಕಾಯ್ತೀನಿ. ನಿನ್ನ ಮಂಡಿ ಕಾಯಲ್ಲ. ನೀನು ಹೋಗು,” ಎಂದರು ಪರೀಕ್ಷಕರು.

ಆಕೆ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದರು. ಒಂದು ಸಲ ಗಂಡನ ಅಂಗಿಯನ್ನೂ ತುಂಬಿ, ಮತ್ತೆ ಹೊರಗೆ ತೆಗೆದಿಟ್ಟರು.

ಈಗ ಆಕೆ ಅಗ್ಗದ ಬಸ್ಸು, ಅಗ್ಗದ ಛತ್ರ ಹುಡುಕಿಕೊಂಡು ಸುತ್ತುತ್ತಿದ್ದಾರೆ. ಪ್ರತಿ ಊರಿಂದಲೂ ಕಾಗದ ಬರುತ್ತದೆ. ಹೋದ ವಾರ ಆಕೆಯನ್ನು ನೋಡಿಬರಲು ಪರೀಕ್ಷಕರು ಎರಡು ದಿನ ರಜೆ ಕೇಳಿದರು. ಆನಂದಪಡಲು ಬಾರದವನೆಂದು ದಾಖಲಾದ ನೌಕರನಿಗೆ ರಜೆ ಕೊಟ್ಟರೆ ಅದು ದಂಡ, ಹಾಗಾಗಿ ವಿಷಾದದಿಂದ ನಿರಾಕರಿಸಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ನಿಯಮ ಗೊತ್ತಿರುವ ಮನುಷ್ಯ.

“ಇನ್ನೊಂದು ಸಲ ತಪಾಸಣೆಗೆ ಅವಕಾಶ ಉಂಟಾ ಸಾರ್?” ಎಂದು ಕೇಳಿದರು.

ಧಾರಾಳವಾಗಿ ಉಂಟು, ಮತ್ತೆ ಒಂದಷ್ಟು ಕೂಡಿಡಿ ಎಂದೆ. ಸಮುದ್ರದ ಗಾಳಿ ನನಗೆ ಒಗ್ಗುವುದಿಲ್ಲ, ಮುಂದಿನ ಸಲ ಯಾವುದಾದರೂ ಬೆಟ್ಟದ ಊರಾದರೆ ವಾಸಿ ಎಂದೂ ಹೇಳಿದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದರು.