ಬಾಯಿಗೆ ಬಾರದ ಪಾಸ್‌ವರ್ಡ್

ನನಗೆ ಕಂಪ್ಯೂಟರ್ ಬರುತ್ತದೆ ಎಂದು ನಾನು ಯಾವತ್ತೂ ಹೇಳಿಕೊಂಡವನಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ; ತಪ್ಪಾದದ್ದು ಅಲ್ಲೇ. ಚಿತ್ರದುರ್ಗದ ಖಾಸಗಿ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರಾಗಿದ್ದ ನಾನು ಒಂದು ಬೇಸಿಗೆಯಲ್ಲಿ, ಮನೆಯಲ್ಲಿದ್ದರೆ ಸುಣ್ಣ ಬಳಿಯಲು ಹೇಳುತ್ತಾರೆಂಬ ಭಯಕ್ಕೆ, ಕಂಪ್ಯೂಟರ್ ಕೋರ್ಸಿಗೆ ಸೇರಿದ್ದೆ. ಸರ್ಟಿಫಿಕೇಟು ಬಂದದ್ದೇ ತಡ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನಗೇ ಕರೆ, ಪ್ರಿನ್ಸಿಪಾಲರ ಕೊಠಡಿಯ ಫ್ಯಾನು ಕಿರುಗುಟ್ಟಿದರೂ ನನಗೇ ಕರೆ. ಫ್ಯಾನಿಗೂ ನನಗೂ ಏನು ಸಂಬಂಧ ಎಂದು ಕೇಳಬಹುದಿತ್ತು. ಕೇಳದೆ ಸ್ಟೂಲು ಹತ್ತಿ ನೋಡುತ್ತಿದ್ದೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ.

ಅದು ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಎದುರು ಸೈಬರ್ ಸೆಂಟರುಗಳು ಶುರುವಾಗಿದ್ದ ಕಾಲ. ನಮ್ಮ ಕಾಲೇಜಿನ ಪ್ರವೇಶದ ಆಯ್ಕೆಪಟ್ಟಿ ನೋಡಲು ಮಕ್ಕಳು ಸುತ್ತಲಿನ ತಾಲ್ಲೂಕುಗಳಿಂದ ಬಸ್ಸಿನಲ್ಲಿ ನಿಂತು ಬರುತ್ತಿದ್ದರು. ಹೆಸರಿಲ್ಲದಿದ್ದರೆ ಹಾಗೇ ನಿಂತು ವಾಪಸ್ಸು ಹೋಗುತ್ತಿದ್ದರು. ಸಭೆಯಲ್ಲಿ ಈ ಮಾತು ಬಂದಾಗ ನಾನು ಎದ್ದು ನಿಂತು, ಈ ವರ್ಷ ಯಾರೂ ಬರುವುದು ಬೇಡ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲೇ ತೋರಿಸುತ್ತೇನೆ ಎಂದುಬಿಟ್ಟೆ. ಎಲ್ಲರೂ ಮೇಜು ಕುಟ್ಟಿದರು. ಪ್ರಿನ್ಸಿಪಾಲರು ನೋಟಿಸ್ ಬೋರ್ಡಿನ ಪಟ್ಟಿಯನ್ನೇ ರದ್ದು ಮಾಡಿದರು. ಹೆಸರಿದ್ದವರು ಅದೇ ಸಂಜೆ ನಾಲ್ಕರೊಳಗೆ ಬಂದು ಸೇರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂಬ ಹಳೆಯ ನಿಯಮ ಮಾತ್ರ ಹಾಗೇ ಉಳಿಯಿತು.

ಕೆಲಸ ಕಷ್ಟದ್ದಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ವೆಬ್ ಪುಟ. ಆಫೀಸಿನ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್. ಪುಟ ಎಂದರೆ ಅಂಗಡಿಯ ಮುಂಗಟ್ಟು, ಡೇಟಾಬೇಸ್ ಎಂದರೆ ಹಿಂದಿನ ಉಗ್ರಾಣ. ಉಗ್ರಾಣ ಎಲ್ಲಿದೆ, ಕೇಳುತ್ತಿರುವವರು ಯಾರು, ಬೀಗದ ಕೈ ಯಾವುದು ಎಂದು ಒಂದು ಸಾಲಿನಲ್ಲಿ ಬರೆದರೆ ಎರಡಕ್ಕೂ ಸಂಪರ್ಕ ಏರ್ಪಡುತ್ತದೆ. ಶನಿವಾರ ಮಧ್ಯಾಹ್ನ ಆ ಸಾಲು ಬರೆದೆ. ಅನುಮತಿ ಇಲ್ಲ ಎಂದಿತು ಸರ್ವರ್. ಕೇಬಲ್ ಬಿಚ್ಚಿ ಸಿಕ್ಕಿಸಿದೆ. ಅನುಮತಿ ಇಲ್ಲ. ಎರಡೂ ಕಂಪ್ಯೂಟರುಗಳನ್ನು ಆರಿಸಿ, ಟೀ ಕುಡಿದು ಬಂದು ಹೊತ್ತಿಸಿದೆ. ಅನುಮತಿ ಇಲ್ಲ. ತಪ್ಪು ಇದ್ದದ್ದು ಪಾಸ್‌ವರ್ಡಿನಲ್ಲಿ ಎಂದು ನನಗೆ ಮೊದಲೇ ಗೊತ್ತಿತ್ತು. ಅದನ್ನು ಸರೋಜಮ್ಮನವರ ಹತ್ತಿರ ಕೇಳಬೇಕಾಗುತ್ತದಲ್ಲ ಎಂದು ಉಳಿದದ್ದೆಲ್ಲ ಮಾಡಿ ನೋಡಿದೆ.

ಸರೋಜಮ್ಮ ನಮ್ಮ ಆಫೀಸಿನ ಹಿರಿಯ ಗುಮಾಸ್ತೆ. ನಮ್ಮೆಲ್ಲರ ಸರ್ವಿಸ್ ರಿಜಿಸ್ಟರಿನಲ್ಲಿ ಹೆಂಡತಿ ಮಕ್ಕಳ ಹೆಸರು ಬರೆದವರು, ಅರ್ಜಿಗಳನ್ನೆಲ್ಲ ಒಂದೊಂದಾಗಿ ಡೇಟಾಬೇಸಿಗೆ ಹಾಕಿದವರು, ಪಾಸ್‌ವರ್ಡ್ ಇಟ್ಟವರು ಎಲ್ಲ ಅವರೇ. ಹಿಂದಿನ ವಾರವಷ್ಟೇ ಅವರ ರಜೆಯ ವಿಷಯದಲ್ಲಿ ನಾನು ಎರಡು ಮಾತು ಜಾಸ್ತಿ ಆಡಿದ್ದೆ. ಪ್ರವೇಶದ ಸಮಯದಲ್ಲಿ ತಂಗಿ ಮಗಳ ಸೀಮಂತಕ್ಕೆ ನಾಲ್ಕು ದಿನ ಯಾಕೆ ಬೇಕು ಎಂದಿದ್ದೆ. ಅವರು ರಜೆ ಚೀಟಿ ಮೇಜಿನ ಮೇಲಿಟ್ಟು ತಂಗಿಯ ಊರು ಮಾಡದಕೆರೆಗೆ ಹೋಗಿಬಿಟ್ಟಿದ್ದರು. ಅವರ ತಂಗಿಯ ಮನೆ ಪಕ್ಕದ ಅಂಗಡಿಯ ಫೋನಿಗೆ ಭಾನುವಾರ ಮಾಡಿದೆ. ಕರೆಸಿದರು. ಪಾಸ್‌ವರ್ಡ್ ಹೇಳಿ ಎಂದೆ.

"ಅದನ್ನ ಹೇಳಕ್ಕಾಗಲ್ಲ ಸಾರ್" ಎಂದರು.

ಅಂಗಡಿಯಲ್ಲಿ ಜನರಿದ್ದಾರೇನೋ ಎಂದುಕೊಂಡು, ಅವರೆಲ್ಲ ಹೋದ ಮೇಲೆ ಹೇಳಿ ಎಂದೆ. ಯಾರೂ ಇಲ್ಲದಿದ್ದರೂ ಆಗುವುದಿಲ್ಲವಂತೆ. ನನ್ನ ಸಿಟ್ಟು ನೆತ್ತಿಗೇರಿತು. ರಜೆಯ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾಯಿತು. ಅದು ಕಾಲೇಜಿನ ಸ್ವತ್ತು, ನಿಮ್ಮ ಮನೆಯ ಬೀರುವಲ್ಲ, ಪ್ರಿನ್ಸಿಪಾಲರಿಗೆ ಹೇಳಬೇಕಾಗುತ್ತದೆ ಎಂದೆಲ್ಲ ಕೂಗಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ನಾಳೆ ಮೊದಲನೇ ಬಸ್ಸಿಗೆ ಬಂದು ತಾವೇ ಹಾಕಿಕೊಡುವುದಾಗಿ ಹೇಳಿ ಫೋನಿಟ್ಟರು. ಒಂದು ಪದ ಬಾಯಲ್ಲಿ ಹೇಳುವ ಬದಲು ಹೊಸದುರ್ಗ, ಹೊಳಲ್ಕೆರೆ ದಾಟಿ ಬಸ್ಸಿನಲ್ಲಿ ಬರುವವರ ಹಟಕ್ಕೆ ಏನು ಹೇಳೋಣ.

ಸೋಮವಾರ ಒಂಬತ್ತೂವರೆಗೇ ಫೋನುಗಳು ಶುರುವಾದವು. ಹಿರಿಯೂರಿನ ಸೈಬರ್ ಸೆಂಟರಿನಿಂದ ಒಬ್ಬ ತಂದೆ ಮಾತಾಡಿದರು. ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಬಂದಿದ್ದೇನೆ, ಪರದೆ ಬೆಳ್ಳಗಿದೆ, ಹೆಸರು ಇದ್ದರೆ ನಾಲ್ಕು ಗಂಟೆಯೊಳಗೆ ಅಲ್ಲಿಗೆ ಮುಟ್ಟಬೇಕಲ್ಲ ಸ್ವಾಮಿ ಎಂದು ಮೆತ್ತಗೆ ಕೇಳಿದರು. ನಾನು ಮೇಜು ಕುಟ್ಟಿಸಿಕೊಂಡದ್ದಕ್ಕೆ ಯಾರದೋ ಮಗಳ ಸೀಟು ಹೋಗುತ್ತದಲ್ಲ ಎಂದು ನಿಜವಾಗಿ ಹೆದರಿಕೆಯಾಯಿತು.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಸರೋಜಮ್ಮ ಬಂದರು. ತಲೆಯಲ್ಲಿ ನಿನ್ನೆಯ ಸೀಮಂತದ ಮಲ್ಲಿಗೆ ಇನ್ನೂ ಇತ್ತು. ಚೀಲ ಕೆಳಗಿಟ್ಟು, ನನ್ನ ಕುರ್ಚಿಯಲ್ಲಿ ಕುಳಿತು, ಆ ಕಡೆ ತಿರುಗಿ ಎಂದರು. ತಿರುಗಿದೆ. ಟಕಟಕ ಎಂದು ಒತ್ತಿ ಎದ್ದರು. ಪುಟ ತೆರೆದುಕೊಂಡಿತು, ಹೆಸರುಗಳು ಸಾಲಾಗಿ ಬಂದವು, ಹಿರಿಯೂರಿನ ಹುಡುಗಿ ಹನ್ನೆರಡನೆಯವಳು. ತಂದೆಗೆ ನಾನೇ ಫೋನು ಮಾಡಿ ಹೇಳಿದೆ. ಆದರೆ ನಾನು ಶನಿವಾರ ಬರೆದಿದ್ದ ಆ ಸಂಪರ್ಕದ ಸಾಲಿನಲ್ಲಿ ಪಾಸ್‌ವರ್ಡ್ ಮುಚ್ಚಿರುವುದಿಲ್ಲ, ಬರೆದದ್ದು ಬರೆದಂತೆ ಕಾಣುತ್ತದೆ. ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ.

"ತಿಪ್ಪೇಸ್ವಾಮಿ ಅಂದ್ರೆ ಮನೆದೇವ್ರಾ ಮೇಡಂ?"

"ದೇವ್ರಲ್ಲ ಸಾರ್. ನಮ್ಮನೆಯವ್ರು."

ಹದಿನೈದು ವರ್ಷದಿಂದ ಆ ಮನುಷ್ಯ ದಿನಾ ಸಂಜೆ ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿಕೊಂಡು ಕಾಯುವುದನ್ನು ನೋಡಿದ್ದೆ. ಅವರಿಗೆ ಹೆಸರೊಂದು ಇರಬಹುದೆಂದು ಹೊಳೆದೇ ಇರಲಿಲ್ಲ. ಸರ್ವರ್ ಹಾಕಿಕೊಟ್ಟವನು, ಮರೆತುಹೋಗಬಾರದು, ಯಾರ ಎದುರೂ ಬಾಯಿಂದ ಬೀಳಬಾರದು, ಅಂಥ ಪದ ಇಡಿ ಎಂದಿದ್ದನಂತೆ. "ಅಂಥಾದ್ದು ನನ್ ಹತ್ರ ಒಂದೇ ಇತ್ತು ಸಾರ್" ಎಂದರು ಸರೋಜಮ್ಮ. ಗಂಡನಿಗೂ ಈ ವಿಷಯ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ, ಬೇರೆ ಏನಾದರೂ ಹಾಕಿಬಿಡಿ ಎಂದು ಕೇಳಿಕೊಂಡರು. ಫೋನಿನಲ್ಲಿ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ; ಗಂಡನ ಹೆಸರು ಹೇಳಿದರೆ ಏನೂ ಆಗುವುದಿಲ್ಲ, ಇದೆಲ್ಲ ಹಳೆಯ ಕಾಲದ ಕಟ್ಟುಪಾಡು ಎಂದು ಸಣ್ಣದೊಂದು ಭಾಷಣ ಮಾಡಿದೆ. ಅವರು ತಲೆಯಾಡಿಸಿ ವಾಪಸ್ಸು ಬಸ್ ಸ್ಟ್ಯಾಂಡಿಗೆ ಹೋದರು. ಅದೇ ಮಧ್ಯಾಹ್ನ, ನಾನು ಹೊಸ ಕಾಲದವನೆಂಬ ಹುಮ್ಮಸ್ಸಿನಲ್ಲಿ, ಪಾಸ್‌ವರ್ಡ್ ಬದಲಿಸಿ ನನ್ನ ಹೆಂಡತಿಯ ಹೆಸರು ಇಟ್ಟೆ. ಅದನ್ನು ಸರೋಜಮ್ಮನವರಿಗೆ ತಿಳಿಸುವುದು ಮರೆತೆ.

ತಿಂಗಳು ಕಳೆದ ಮೇಲೆ ಹಿರಿಯೂರಿನ ಕಾಲೇಜೊಂದಕ್ಕೆ ಪರೀಕ್ಷೆಯ ಕೆಲಸದ ಮೇಲೆ ಹೋಗಿದ್ದೆ. ಕೊಠಡಿಯಲ್ಲಿ ಎಂಟು ಜನ ಮೇಷ್ಟ್ರುಗಳು ಮಂಡಕ್ಕಿ ತಿನ್ನುತ್ತ ಕುಳಿತಿದ್ದಾಗ ಮೊಬೈಲ್ ಹೊಡೆದುಕೊಂಡಿತು. ಸರೋಜಮ್ಮ. ಪಟ್ಟಿಯಲ್ಲಿ ಒಂದು ತಿದ್ದುಪಡಿ ಇದೆ, ಪಾಸ್‌ವರ್ಡ್ ಹೇಳಿ ಎಂದರು. ಬಾಯಿ ತೆರೆದೆ. ಎಂಟೂ ಜನ ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅವಳನ್ನು 'ಇವಳೇ' ಎಂದೇ ಕರೆದವನು ನಾನು. ಆ ಹೆಸರು ಗಂಟಲಿನಿಂದ ಈಚೆಗೆ ಬರಲಿಲ್ಲ. ನಾಳೆ ಬಂದು ನಾನೇ ಹಾಕುತ್ತೇನೆ ಎಂದು ತೊದಲಿದೆ.

"ನಿಮ್ಮನೆ ಅಕ್ಕಾರ ಹೆಸ್ರು ಇಟ್ಟೀರೇನ್ ಸಾರ್?"

ನಾನು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ಕೀಲಿಗಳ ಸದ್ದು ಕೇಳಿಸಿತು.

"ಬಂತು ಬಿಡ್ರಿ" ಎಂದು ಅವರು ಫೋನಿಟ್ಟರು.