ಶಾಂತಕ್ಕನ ಕಡೆಯ ಗೋಡೆ

ಹೆಂಡತಿಯ ಮೇಲೆ ಮಮತೆ, ಕೈಯಲ್ಲಿ ಮೊಬೈಲು, ಎರಡೂ ಒಟ್ಟಿಗೆ ಇರುವ ಗಂಡಸಿನ ಬಗ್ಗೆ ಮನೆಯವರು ಹುಷಾರಾಗಿರಬೇಕು. ನಾನು ಬೈಲಹೊಂಗಲದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಮನೆ ಕಟ್ಟುವ ವಿದ್ಯೆಗೂ ನನಗೂ ಸಂಬಂಧವಿಲ್ಲ. ಆದರೆ ಮಾಗಿ ಬಂತೆಂದರೆ ನಮ್ಮ ಅಡುಗೆಮನೆಯ ಮಣ್ಣಿನ ಗೋಡೆ ಥಂಡಿ ಹಿಡಿದು ಬೆವರುತ್ತದೆ. ಅದಕ್ಕೆ ಬೆನ್ನು ಕೊಟ್ಟು ರೊಟ್ಟಿ ಬಡಿಯುವ ನನ್ನ ಹೆಂಡತಿ ಗಂಗವ್ವ ಮಂಡಿ ಹಿಡಿದುಕೊಂಡು ಏಳುತ್ತಾಳೆ. ನೋಡಲಾಗಲಿಲ್ಲ. ಹಿಮ ಬೀಳುವ ದೇಶದವನೊಬ್ಬ ಮೊಬೈಲಿನಲ್ಲಿ ದಾರಿ ತೋರಿಸಿದ: ಒಳಗಿನ ಹಬೆ ಗೋಡೆಗೆ ಹೋಗದಂತೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ಜಿಪ್ಸಮ್ ಬೋರ್ಡು ಹೊಡೆಯಿರಿ. ಅವನಲ್ಲಿ ಮಣ್ಣಿನ ಗೋಡೆಯಿಲ್ಲ, ನಮ್ಮಲ್ಲಿ ಹಿಮವಿಲ್ಲ. ಈ ಸಣ್ಣ ಫರಕು ನನಗೆ ಹೊಳೆಯಲಿಲ್ಲ.

ಗಂಗವ್ವ ತವರೂರು ಮುರಗೋಡಕ್ಕೆ ಹೋದಾಗ ಕೆಲಸ ಮುಗಿಸಿಬಿಟ್ಟೆ. ಬಂದವಳು ಬೆಳ್ಳನೆಯ ಬೋರ್ಡಿನ ಮೇಲೆ ಕೈಯಾಡಿಸಿ, "ಚಂದ ಆಗೇತ್ರಿ. ದೀಪದ ಮಾಡ ಎಲ್ಲಿ ಹೋತು?" ಎಂದಳು.

"ಮುಚ್ಚೇನಿ. ಈಗ ಅಲ್ಲಿ ದೀಪ ಯಾರು ಇಡ್ತಾರ?" ಎಂದೆ.

ಆ ಗೋಡೆಯಾಚೆ ಶಾಂತಕ್ಕನ ಅಡುಗೆಮನೆ. ಎರಡು ಮನೆಗೂ ಗೋಡೆ ಒಂದೇ. ದೀಪ ಇಡುವ ಗೂಡು, ಆ ಮಾಡದೊಳಗೆ ಮಾತ್ರ ಅದು ತೆಳ್ಳಗೆ. ಅಲ್ಲಿ ಸೌಟಿನಿಂದ ಬಡಿದರೆ ಆಚೆಯಿಂದ "ಏನವಾ?" ಎಂಬ ಉತ್ತರ ಬರುತ್ತಿತ್ತು. ಗಂಗವ್ವ ಮದುವೆಯಾಗಿ ಬಂದಾಗಿನಿಂದ ಇಬ್ಬರ ಸುಖದುಃಖವೆಲ್ಲ ಆ ಗೂಡಿನಲ್ಲೇ ನಡೆದಿತ್ತು. ನಾನು ಅದನ್ನು ಬರೀ ಹರಟೆ ಎಂದುಕೊಂಡಿದ್ದೆ.

ಈಗ ಈಚೆಯ ಬಡಿತ ಆಚೆಗಿಲ್ಲ, ಆಚೆಯದು ಈಚೆಗಿಲ್ಲ. ನಳದ ಹತ್ತಿರ ಶಾಂತಕ್ಕ ಮುಖ ತಿರುಗಿಸಿಕೊಂಡು ಹೋದಳಂತೆ. ಗಂಗವ್ವನಿಗೆ ಊಟ ಸೇರದಾಯಿತು. ಮಂಡಿ ಹೇಗಿದೆ ಎಂದು ಕೇಳಿದರೆ, "ಮಂಡಿ ಭೇಷ್ ಐತ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನೇ ಶಾಂತಕ್ಕನ ಬಾಗಿಲಿಗೆ ಹೋದೆ. "ಬಡದು ಬಡದು ಕೈ ಸೋತು, ಓ ಅನ್ನವಲ್ಲಳ್ರಿ. ನನ್ನ ಮಾತು ಸಾಕಾಗಿ ಗೋಡಿ ಮ್ಯಾಲ ಗೋಡಿ ಹಾಕಿಸ್ಯಾಳ ಅಂತ ತಿಳಕೊಂಡೆ" ಎಂದಳು.

"ಅಕಿ ಅಲ್ರಿ, ನಾ ಹಾಕಿಸೇನಿ. ಅಕಿ ಮಂಡಿ ನೋವಿಗೆ."

"ಮಂಡಿಗೆ ಎಣ್ಣಿ ಹಚ್ಚೋರನ್ನ ನೋಡೇನಿ. ಬೋರ್ಡ್ ಹೊಡಿಯೋರು ನೀವ ಮೊದಲ್ರಿ" ಎಂದು ಶಾಂತಕ್ಕ ನಕ್ಕಳು.

ಅಂದೇ ಮಾಡದ ಅಗಲಕ್ಕೆ ಬೋರ್ಡು, ಪ್ಲಾಸ್ಟಿಕ್ಕು ಎರಡನ್ನೂ ಕೊಯ್ದೆ. ಹಿಂದೆ ಮಣ್ಣು ಹಸಿಹಸಿಯಾಗಿ ಕಮಟು ವಾಸನೆ ಹೊಡೆಯುತ್ತಿತ್ತು. "ಪಾಪ, ಅದಕ್ಕೂ ಉಸರು ಕಟ್ಟಿತ್ತು" ಎಂದ ಗಂಗವ್ವ, ತನ್ನ ಒಲೆಯನ್ನು ಎದುರಿನ ಒಣಗೋಡೆಗೆ ಸರಿಸಿಕೊಂಡಳು. ಇಷ್ಟು ಸುಲಭದ ಉಪಾಯವನ್ನು ಮೊಬೈಲಿನಲ್ಲಿ ಯಾರೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಮಾಡದಲ್ಲಿ ಟಕಟಕ ಸದ್ದಾಯಿತು. ಮನೆಯಲ್ಲಿ ನಾನೊಬ್ಬನೇ. ಗೂಡಿಗೆ ಮುಖವಿಟ್ಟು, "ಅಕಿ ಸಂತಿಗೆ ಹೋಗ್ಯಾಳ್ರಿ" ಎಂದೆ.

ಆಚೆಯಿಂದ ಶಾಂತಕ್ಕನ ದನಿ, "ನಿಮ್ಮ ಊಟ ಆತೇನ್ರಿ?" ಎಂದು ಕೇಳಿತು.

ಇಷ್ಟು ವರ್ಷದಲ್ಲಿ ಆ ಗೋಡೆ ನನ್ನನ್ನು ಏನೂ ಕೇಳಿರಲಿಲ್ಲ. ಆಗಷ್ಟೇ ಹೊಟ್ಟೆ ಬಿರಿಯ ಉಂಡು ಕೈ ತೊಳೆದಿದ್ದೆ. ಆದರೂ, "ಇಲ್ರಿ" ಎಂದೆ.