ಫ್ಯಾನಿನ ಗಾಳಿಗೆ ಒಣಗಿದ ಅಕ್ಷರ

ಎಣ್ಣೆ ಶಾಯಿಯಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತಲೇ ತಲೆ ನರೆಸಿಕೊಂಡವನು ನಾನು. ಹೀಗಾಗಿ ರಾಯಚೂರಿನ ನನ್ನ ಸಣ್ಣ ಪ್ರೆಸ್ಸಿಗೆ ಕಾಗದದ ಚೀಲ ಮುದ್ರಿಸುವ ಯಂತ್ರವೂ ಅದಕ್ಕೆ ಬೇಕಾದ ನೀರಿನ ಶಾಯಿಯೂ ಬಂದಾಗ ಒಂದಿಷ್ಟೂ ಹೆದರಲಿಲ್ಲ. ನೀರು ತಾನೇ, ಒಣಗದೆ ಎಲ್ಲಿಗೆ ಹೋಗುತ್ತದೆ? ಅದೂ ರಾಯಚೂರಿನ ಬಿಸಿಲಿನಲ್ಲಿ! ಮಾನ್ವಿಯಲ್ಲಿ ಹೆಂಡತಿಯ ತಮ್ಮ ಮಲ್ಲುವಿನ ಮದುವೆ ಗೊತ್ತಾದಾಗ, ತಾಂಬೂಲದ ಚೀಲಗಳ ಸಂಪೂರ್ಣ ಹೊಣೆ ನನ್ನದೆಂದು ಬೀಗರ ಮುಂದೆ ಘೋಷಿಸಿಬಿಟ್ಟೆ.

"ನಮ್ಮ ತವರುಮನಿ ಮರ್ಯಾದಿ ಅದ. ಎಡವಟ್ಟು ಮಾಡಬ್ಯಾಡ್ರಿ," ಎಂದಳು ಹೆಂಡತಿ ಮಹಾದೇವಿ.

ಮೊದಲ ಎಡವಟ್ಟಿಗೆ ಅಂದದ ಆಸೆಯೇ ಕಾರಣ. ಮಿರಿಮಿರಿ ಮಿಂಚುವ ಚೀಲ ತರಿಸಿದ್ದೆ. ಮುದ್ರಿಸಿ, ಪೇರಿಸಿ, ಚಹಾ ಕುಡಿದು ಬಂದರೆ ಇಡೀ ಕಟ್ಟು ಒಂದೇ ಚೀಲವಾಗಿತ್ತು. ಬಿಡಿಸಿದರೆ ಒಂದರ ಹೊಟ್ಟೆಯ ಅಕ್ಷರ ಇನ್ನೊಂದರ ಬೆನ್ನಿಗೆ! ಒರಟು ಕಾಗದವಾದರೆ ಶಾಯಿಯ ನೀರನ್ನು ತಾನೇ ಹೀರುತ್ತದೆ, ನುಣುಪು ಕಾಗದ ಹೀರುವುದಿಲ್ಲ, ಗಾಳಿಯೇ ಒಣಗಿಸಬೇಕು ಎಂಬುದು ಆಗ ಹೊಳೆಯಿತು. ಮನೆಯ ಟೇಬಲ್ ಫ್ಯಾನು ತಂದು ಯಂತ್ರದ ಎಡಕ್ಕೆ ನಿಲ್ಲಿಸಿದೆ. ಚೀಲಗಳು ಹಪ್ಪಳದಂತೆ ಒಣಗಿ ಬರತೊಡಗಿದವು.

ಅಷ್ಟರಲ್ಲಿ ಡಬ್ಬಿಯ ಅಂಚಿನಲ್ಲಿ ಒಣಗಿದ್ದ ಒಂದು ಚೂರು ಶಾಯಿ ಕೈಗೆ ಸಿಕ್ಕಿತು. ನೀರಿನ ಲೋಟಕ್ಕೆ ಹಾಕಿದೆ. ಕರಗಲಿಲ್ಲ. ಬೆರಳಿನಿಂದ ಉಜ್ಜಿದರೂ ಕರಗಲಿಲ್ಲ. ನೀರಿನಲ್ಲೇ ಇದ್ದದ್ದು ನೀರಿಗೇ ಬಗ್ಗುತ್ತಿಲ್ಲವಲ್ಲ! ಹಸಿ ಶಾಯಿ ಮೂಸಿದರೆ ಮೂಗಿಗೆ ಹೊಡೆಯುವ ಖಾರದ ವಾಸನೆ, ಒಣಗಿದ್ದಕ್ಕೆ ವಾಸನೆಯೇ ಇಲ್ಲ. ಬಣ್ಣವನ್ನು ನೀರಿನೊಡನೆ ಹೊಂದಿಸಿ ಇಟ್ಟಿದ್ದು ಆ ಖಾರವೇ, ಅದು ಹಾರಿಹೋದ ಮೇಲೆ ಎರಡಕ್ಕೂ ಮಾತುಕತೆಯಿಲ್ಲ ಎಂದು ತೀರ್ಮಾನಿಸಿ, ವಿಜ್ಞಾನಿಯ ಗತ್ತಿನಲ್ಲಿ ನೆಲದ ಮೇಲೆ ಕುಳಿತೆ.

"ಮಷೀನ್ ತಾನೇ ಓಡಾಕತ್ತದ. ನೀವು ಲೋಟದಾಗ ಏನ್ ನೋಡಾಕತ್ತೀರಿ?" ಎಂದು ಮಹಾದೇವಿ ಕೇಳಿದಳು. ಸಂಶೋಧಕರಿಗೆ ಇಂಥ ಪ್ರಶ್ನೆಗಳು ಕೇಳಿಸುವುದಿಲ್ಲ. ಚೀಲಗಳನ್ನು ಕಟ್ಟು ಕಟ್ಟಿ ಮಾನ್ವಿಗೆ ಒಯ್ದೆವು.

ಮದುವೆಯ ಊಟ ಮುಗಿಸಿ ಮೊದಲು ಹೊರಟವರು ಗಬ್ಬೂರಿನ ಹಿರಿಯರೊಬ್ಬರು; ಹೆಣ್ಣಿನ ಸೋದರಮಾವ, ನಿವೃತ್ತ ಕನ್ನಡ ಮಾಸ್ತರು. ಕನ್ನಡಕ ಏರಿಸಿ ಚೀಲವನ್ನು ಗಟ್ಟಿಯಾಗಿ ಓದಿದರು. "ತಮ್ಮ ಗಮನದಿಂದ ಸಂತೋಷವಾಯಿತು." ಮತ್ತೆ ಮಲ್ಲುವಿನ ಕಡೆ ತಿರುಗಿ, "ಗಮನ ಅಂದ್ರ ಹೋಗೂದು. ನಾವು ಹೋಗೂದು ನಿಮಗ ಅಷ್ಟ್ ಖುಷಿ ಆತೇನ್ರಿ?" ಎಂದರು.

ನಾನು ಜೋಡಿಸಿದ್ದು 'ಆಗಮನದಿಂದ' ಎಂದೇ. 'ತಮ್ಮ' ಮೇಲಿನ ಸಾಲಿನ ನಡುವೆ ಇತ್ತು; ಕೆಳಗಿನ ಸಾಲಿನ ಎಡತುದಿಯ 'ಆ' ಮಾತ್ರ ಫ್ಯಾನಿನ ಎದುರಿಗೇ ಇತ್ತು. ಅಲ್ಲಿನ ಶಾಯಿ ಕಾಗದ ಮುಟ್ಟುವ ಮೊದಲೇ ರಬ್ಬರ್ ಅಚ್ಚಿನ ಮೇಲೆ ಒಣಗಿಬಿಟ್ಟಿತ್ತು. ಮಹಾದೇವಿ ಕಟ್ಟಿನ ಮೇಲೆ ಕಟ್ಟು ಬಿಚ್ಚಿದಳು. ಎಲ್ಲಿಯೂ 'ಆ' ಇಲ್ಲ.

"ಅದು ಹಂಗಲ್ರಿ ಮಾಸ್ತರ, ನೀರಿನ ಶಾಯಿ ಒಮ್ಮೆ ಒಣಗಿತಂದ್ರ..." ಎಂದು ನನ್ನ ಸಂಶೋಧನೆ ಶುರು ಮಾಡಿದೆ.

"ನೀವು ಗಾಡ್ಯಾಗ ಹೋಗಿ ಕೂಡ್ರಿ," ಎಂದಳು ಮಹಾದೇವಿ, ಬಹಳ ಮೆಲ್ಲಗೆ.

ಹೊರಟೆ. ಯಾರೂ ತಡೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಪದ್ಧತಿಯಂತೆ ನನ್ನ ಕೈಗೂ ಒಂದು ಚೀಲ ಕೊಟ್ಟರು. ಅದರ ಮೇಲೂ 'ತಮ್ಮ ಗಮನದಿಂದ ಸಂತೋಷವಾಯಿತು' ಎಂದೇ ಇತ್ತು. ಅಷ್ಟೂ ಚೀಲಗಳಲ್ಲಿ ಮುದ್ರಣದೋಷ ಇಲ್ಲದ್ದು ಅದೊಂದೇ.